ಹುಳಿಯ ಹಿಂದಿನ ಸಿಹಿ

ಜೇಲಿನಿಂದ
೧೨ ಜನವರಿ ೧೯೫೦

ಬಸವಂತಾ,

ಚೆನ್ನಾಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆಯದಿದ್ದರೆ ಕಾಗದ ಓದಿ ಕಳಿಸುವ ಇಲ್ಲಿಯ ಗುಮಾಸ್ತರಿಗೆ ಸಮಾಧಾನವಿಲ್ಲ. ಆದ್ದರಿಂದ ಚೆನ್ನಾಗಿದ್ದೇನೆ. ಹೊಸದಾಗಿ ಬಂದ ಇವರಿಗೆ ಉರ್ದು ಓದಲು ಬರುವುದಿಲ್ಲ, ಓದಲು ಬಾರದ್ದನ್ನು ಅವರು ನಂಬುವುದೂ ಇಲ್ಲ. ಅದಕ್ಕೇ ಈ ಕನ್ನಡ. ಸುರಪುರದಲ್ಲಿ ನಿಮ್ಮಪ್ಪ ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ಕೂಡಿಸಿ ಮರಳಿನಲ್ಲಿ ತಿದ್ದಿಸಿದ ಅಕ್ಷರಗಳೇ ಇವು. ಹೈದರಾಬಾದಿನ ಕಾಲೇಜಿನಲ್ಲಿ ಕಲಿತ ರಸಾಯನವೆಲ್ಲ ಉರ್ದುವಿನಲ್ಲಿ ತಲೆಯಲ್ಲಿದೆ, ಉಪಯೋಗಕ್ಕೆ ಬಂದದ್ದು ಮಾತ್ರ ಮರಳಿನ ಅಕ್ಷರ ನೋಡು.

ನೇರ ಮಾತಿಗೆ ಬರುತ್ತೇನೆ. ಭೀಮೆಯ ಆಚೆಯ ಹಳ್ಳಿಗೆ ರಜಾಕಾರರು ಬೆಂಕಿ ಇಟ್ಟ ದಿನ ನಾನೂ ಬಂದೂಕು ಹಿಡಿದು ಅವರ ಜೊತೆ ಇದ್ದೆನೆಂದು ಯಾರೋ ಹೇಳಿಕೆ ಕೊಟ್ಟಿದ್ದಾರೆ. ಪೊಲೀಸ್ ಆಕ್ಷನ್ ಮುಗಿದ ಮೇಲೆ ನನ್ನನ್ನು ಹಿಡಿದರು, ಆಗಿನಿಂದ ಒಳಗೇ ಇದ್ದೇನೆ. ಆ ದಿನ ನಾನು ಎಲ್ಲಿದ್ದೆನೆಂದು ನಿನಗೆ ಗೊತ್ತು. ಯಾದಗಿರಿ ಸ್ಟೇಷನ್ನಿನ ಹಿಂದೆ, ನಮ್ಮ ಶೆಡ್ಡಿನಲ್ಲಿ, ನಿನ್ನ ಮಗ್ಗುಲಲ್ಲಿ ಕೂತು ಉಪ್ಪಿನಕಾಯಿಯ ಚೀನಿ ಭರಣಿಯೊಳಗೆ ಬಗ್ಗಿ ನೋಡುತ್ತಿದ್ದೆ. ಹಣ್ಣು ತೆಗೆದ ಮೇಲೆ ಜನ ತಿಪ್ಪೆಗೆ ಎಸೆಯುವ ಹುಣಸೆಯ ನಾರು, ಸಿಪ್ಪೆ, ಹಿಪ್ಪೆಯಿಂದ ಹುಳಿಯನ್ನಷ್ಟೇ ಬೇರೆ ಮಾಡಿ ಹರಳು ಕಟ್ಟಿಸಬೇಕೆಂದು ನಾವು ಎಷ್ಟು ದಿನ ಒದ್ದಾಡಿದ್ದೆವು! ಆ ಮಧ್ಯಾಹ್ನ ಮೊದಲ ಹರಳು ಕಟ್ಟಿತು. ವಿಲಾಯತಿಯಿಂದ ಬರುವ ಟಾರ್ಟಾರಿಕ್ ಆಮ್ಲದ ಹಾಗೆಯೇ, ಗಾಜಿನಂತೆ. ಗುರುಲಿಂಗಮ್ಮ ಅತ್ತಿಗೆ ಬುತ್ತಿ ತಂದಿದ್ದರು. ನಿನ್ನ ಮಗಳು ಅಂಬವ್ವ ಆ ಹರಳನ್ನೇ ಬಾಯಿಗೆ ಹಾಕಿಕೊಂಡು ಮುಖ ಕಿವಿಚಿ, "ಕಾಕಾ, ಇನ್ನೊಂದ ಕೊಡು" ಅಂದಳು. ನೀನು ನನ್ನ ಬೆನ್ನಿಗೆ ಗುದ್ದಿದೆ. ಅಷ್ಟರಲ್ಲಿ ನದಿಯ ಕಡೆ ಹೊಗೆ ಕಂಡಿತು.

ಇದಿಷ್ಟನ್ನು ಕೋರ್ಟಿನ ಹಾಕಿಮರ ಮುಂದೆ ನಿಂತು ಹೇಳಬೇಕು. ನಾನು ಹೇಳಿದರೆ ಕಟ್ಟುಕತೆ, ನಜೀಮಾ ಹೇಳಿದರೆ ಹೆಂಡತಿಯ ಮಾತು. ನೀನು ಹೇಳಿದರೆ ಸಾಕ್ಷಿ. ಫೆಬ್ರವರಿ ಕೊನೆಗೆ ನನ್ನ ವಿಚಾರಣೆಯ ಪೇಶಿ ಇದೆ. ಬರುತ್ತೀಯಲ್ಲ? ಹೌದು ಅಂತ ಒಂದು ಮಾತು ಬರೆ.

ನಿನ್ನ
ಖಾಜಾಹುಸೇನ


ಯಾದಗಿರಿ
೨೮ ಜನವರಿ ೧೯೫೦

ಪ್ರೀತಿಯ ಖಾಜಾ,

ನಿನ್ನ ಕನ್ನಡ ನೋಡಿ ಅಪ್ಪ ಇದ್ದಿದ್ದರೆ ಕುಣಿದಾಡುತ್ತಿದ್ದರು. ಅಕ್ಷರ ನನ್ನದಕ್ಕಿಂತ ದುಂಡಗಿವೆ, ಹೊಟ್ಟೆಕಿಚ್ಚಾಯಿತು.

ಮೊನ್ನೆ ಇಲ್ಲಿ ಭಾರಿ ಸಡಗರ. ಸ್ಟೇಷನ್ನಿನ ಮುಂದೆ ಧ್ವಜ ಏರಿಸಿ ಪೇಢೆ ಹಂಚಿದರು. ಅಂಬವ್ವ ಎರಡು ಸಲ ಸರದಿಯಲ್ಲಿ ನಿಂತು ಇಸಿದುಕೊಂಡಳು, ಒಂದು ನಿನಗಂತೆ. ಇರುವೆ ಮುತ್ತುವ ತನಕ ಗೂಡಿನಲ್ಲಿಟ್ಟಿದ್ದಳು.

ಸಾಕ್ಷಿಯ ಮಾತು. ಅಲ್ಲೋ, ಅದನ್ನು ನೀನು ಕೇಳಬೇಕೆ? ನಾನು ಹೇಳದೆ ಇನ್ಯಾರು ಹೇಳುತ್ತಾರೆ? ಆದರೆ ಊರಿನ ಗಾಳಿ ನಿನಗೆ ಗೊತ್ತಿಲ್ಲ. ನಿನ್ನ ಹೆಸರು ಎತ್ತಿದರೆ ಅಂಗಡಿಗೆ ಬಂದ ಗಿರಾಕಿ ಮಾತು ನಿಲ್ಲಿಸಿ ಮುಖ ನೋಡುತ್ತಾನೆ. ಮನೆ ಸುಟ್ಟುಕೊಂಡವರು ಇನ್ನೂ ಸಂತೆಗೆ ಬರುತ್ತಾರೆ. ಸ್ವಲ್ಪ ತಣ್ಣಗಾಗಲಿ. ಬಿಸಿ ಇದ್ದಾಗ ಹೇಳಿದ ಮಾತಿಗೆ ಬೆಲೆ ಬರುವುದಿಲ್ಲ, ವ್ಯಾಪಾರದವನ ಮಾತು ಕೇಳು. ಅವಸರ ಮಾಡಬೇಡ. ವೇಳೆ ನೋಡಿ ಹೇಳುತ್ತೇನೆ.

ಇನ್ನೊಂದು ವಿಷಯ. ಶೆಡ್ಡನ್ನು ಮತ್ತೆ ತೆರೆದಿದ್ದೇನೆ. ಸುಮ್ಮನೆ ಬೀಗ ಹಾಕಿಟ್ಟರೆ ಇಬ್ಬರಿಗೂ ನಷ್ಟ, ನೀನು ಬರುವ ಹೊತ್ತಿಗೆ ನಡೆಯುತ್ತಿದ್ದರೆ ಚೆಂದವಲ್ಲವೆ? ಆದರೆ ನೀನು ನನಗೆ ಹಿಪ್ಪೆ ಕೂಡಿಸುವುದು ಮಾರುವುದು ಬಿಟ್ಟರೆ ಭರಣಿ ಮುಟ್ಟಲು ಬಿಟ್ಟವನಲ್ಲ. ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಒಳಗೆ ಹೋದೆ. ಹಿಪ್ಪೆ ಕುದಿಸಿ ಸೋಸಿ, ಆ ನೀರನ್ನು ಬತ್ತಿಸಿದರೆ ನನಗೆ ಹರಳಲ್ಲ, ಕಾಕಂಬಿಯಂಥ ಅಂಟು ಬರುತ್ತಿದೆ. ಮುಸುರೆ ತಿಕ್ಕುವವರೂ ಬೈಯುತ್ತಿದ್ದಾರೆ. ಕುದಿಸಿದ ಮೇಲೆ ಏನು ಮಾಡುತ್ತಿದ್ದೆ? ಸುಣ್ಣ ಹಾಕುತ್ತಿದ್ದುದು ನೆನಪಿದೆ. ಎಷ್ಟು, ಯಾವಾಗ? ಬರುವ ಟಪಾಲಿಗೇ ಬರೆ.

ನಿನ್ನ
ಬಸವಂತರಾಯ


ಜೇಲಿನಿಂದ
೧೦ ಫೆಬ್ರವರಿ ೧೯೫೦

ಬಸವಂತಾ,

ನಾನು ಒಂದು ಮಾತು ಕೇಳಿದೆ, ನೀನು ಎರಡು ಕೇಳಿದೆ. ಇರಲಿ, ನಿನ್ನದು ಮೊದಲು.

ಬತ್ತಿಸಬೇಡ. ಕುದಿಸಿದ ನೀರಿನಲ್ಲಿ ಹುಳಿಯ ಜೊತೆ ಸಕ್ಕರೆ, ಅಂಟು, ಬಣ್ಣ ಎಲ್ಲ ಇರುತ್ತದೆ. ಬತ್ತಿಸಿದರೆ ಎಲ್ಲವೂ ಒಟ್ಟಿಗೇ ಬತ್ತುತ್ತವೆ. ಮೊದಲು ಹುಳಿಯನ್ನು ಅವುಗಳ ಸಹವಾಸದಿಂದ ಬಿಡಿಸಬೇಕು. ಬಿಸಿ ಇರುವಾಗಲೇ ಸುಣ್ಣದ ತಿಳಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ತಿರುವು. ನಾಲಿಗೆಗೆ ಹುಳಿ ಹತ್ತದಂತಾದಾಗ ನಿಲ್ಲಿಸು. ಹುಳಿ ಸುಣ್ಣಕ್ಕೆ ಕಟ್ಟುಬಿದ್ದು ಬಿಳಿ ಕೆಸರಾಗಿ ತಳಕ್ಕೆ ಕೂಡುತ್ತದೆ, ಹೊಲಸೆಲ್ಲ ಮೇಲಿನ ಕಂದು ನೀರಿನಲ್ಲಿ ಉಳಿಯುತ್ತದೆ. ಆ ನೀರನ್ನು ಚೆಲ್ಲು. ಕೆಸರನ್ನು ಅಕ್ಕಿ ತೊಳೆದ ಹಾಗೆ ತೊಳೆ, ಮೇಲಿನ ನೀರು ತಿಳಿಯಾಗುವ ತನಕ. ಇಲ್ಲಿ ಆಲಸ್ಯ ಮಾಡಿದರೆ ಮುಂದೆ ಯಾವ ದೇವರೂ ಬಣ್ಣ ತೆಗೆಯಲಾರ. ಆಮೇಲೆ ನೀರಿಗೆ ಬೆರೆಸಿದ ಗಂಧಕದ ತೇಜಾಬನ್ನು, ಅದೇ ಗಂಧಕಾಮ್ಲವನ್ನು, ಅದಕ್ಕೆ ಹನಿಸು. ತೇಜಾಬು ಸುಣ್ಣವನ್ನು ಹಿಡಿದುಕೊಳ್ಳುತ್ತದೆ, ಹುಳಿ ಬಿಡುಗಡೆಯಾಗಿ ನೀರಿಗೆ ಬರುತ್ತದೆ. ದಪ್ಪ ಬಟ್ಟೆಯಲ್ಲಿ ಸೋಸಿ ತಿಳಿ ನೀರನ್ನು ಎತ್ತಿಟ್ಟುಕೋ. ತೇಜಾಬಿಗೆ ನೀರು ಹಾಕಬೇಡ, ನೀರಿಗೆ ತೇಜಾಬು ಹಾಕು. ಮುಖ ಸುಟ್ಟುಕೊಂಡೀಯ.

ಈಗ ನನ್ನದು. ನಜೀಮಾ ಹೋದ ವಾರ ಇಲ್ಲಿಗೆ ಬಂದಿದ್ದಳು. ಅದಕ್ಕೆ ಮೊದಲು ನಿನ್ನ ಮನೆಗೆ ಬಂದಿದ್ದಳಂತೆ. ನೀನು ಒಳಗೇ ಇದ್ದೆ, ಅಂಗಳದಲ್ಲಿ ನಿನ್ನ ಚಪ್ಪಲಿ ಇದ್ದವು. ಮಧ್ಯಾಹ್ನದ ತನಕ ಕಟ್ಟೆಯ ಮೇಲೆ ಕೂತಳು. ಅಂಬವ್ವ ನೀರು ತಂದುಕೊಟ್ಟು, "ಅಪ್ಪ ಮಕ್ಕೊಂಡಾನ" ಅಂದಿತಂತೆ. ಅತ್ತಿಗೆ ಬಾಗಿಲಿಗೆ ಬಂದು ಕಣ್ಣೊರೆಸಿಕೊಂಡು ಒಳಗೆ ಹೋದರಂತೆ. ನಿನಗೆ ನಿದ್ದೆ ಅಷ್ಟು ಗಾಢವಾಗಿ ಯಾವಾಗಿನಿಂದ ಬರುತ್ತದೆ?

ನಾನು ಕೆಟ್ಟದ್ದನ್ನು ಯೋಚಿಸುವುದಿಲ್ಲ. ಪೇಶಿಗೆ ಬಾ.

ಖಾಜಾ


ಯಾದಗಿರಿ
೯ ಮಾರ್ಚ್ ೧೯೫೦

ಪ್ರೀತಿಯ ಖಾಜಾ,

ನಿನ್ನ ಕೈಗೆ ಬಂಗಾರದ ಕಡಗ ತೊಡಿಸಬೇಕು! ನೀನು ಹೇಳಿದ ಹಾಗೆಯೇ ಮಾಡಿದೆ. ಬಿಳಿ ಕೆಸರು ಕೂತಿತು, ತೊಳೆದೆ, ತೇಜಾಬು ಹಾಕಿ ಸೋಸಿದೆ. ಈಗ ತಿಳಿ ನೀರು ಸಿಕ್ಕಿದೆ, ಭಾವಿಯ ನೀರಿನಷ್ಟು ತಿಳಿ. ನಾಲಿಗೆಗೆ ಮುಟ್ಟಿಸಿದರೆ ದವಡೆ ಜುಮ್ಮೆನ್ನುತ್ತದೆ.

ಪೇಶಿಗೆ ಬರಲಾಗಲಿಲ್ಲ. ಸಿಟ್ಟಾಗಬೇಡ. ಅದೇ ದಿನ ಮುಂಬಯಿಯಿಂದ ತೇಜಾಬಿನ ಜಾಡಿಗಳು ವ್ಯಾಗನ್ನಿನಲ್ಲಿ ಬಂದವು. ಗಾಜಿನ ಸಾಮಾನು, ಹಮಾಲರ ಕೈಗೆ ಬಿಟ್ಟು ಬರುವಂತಿರಲಿಲ್ಲ. ನಿನ್ನ ವಕೀಲರು ಮುಂದಿನ ತಾರೀಖು ಪಡೆದರೆಂದು ಕೇಳಿ ಸಮಾಧಾನವಾಯಿತು. ಒಂದು ತಾರೀಖು ಹೋದರೆ ಇನ್ನೊಂದು ಇದ್ದೇ ಇರುತ್ತದೆ.

ಗುರುಲಿಂಗಮ್ಮ ರಂಪ ಮಾಡಿದಳು. "ನೀವು ಹೋಗದಿದ್ರ ನಾನಽ ಹೋಗಿ ಹೇಳ್ತೀನಿ. ಬುತ್ತಿ ತಂದಾಕಿ ನಾನು, ನನ್ನ ಕಣ್ಣಲೇ ನೋಡೀನಿ" ಅಂದಳು. ನಮ್ಮ ಮನೆಯ ಹೆಣ್ಣುಮಗಳು ಕೋರ್ಟಿನ ಕಟಕಟೆಯಲ್ಲಿ ನಿಂತು, ಕಂಡವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದೆ? ಬಾಯಿ ಮುಚ್ಚಿಸಿದೆ. ಎರಡು ದಿನ ನನಗೆ ರೊಟ್ಟಿ ಬಡಿಸಲಿಲ್ಲ, ಅಂಬವ್ವನ ಕೈಯಲ್ಲಿ ಕಳಿಸಿದಳು. ನಜೀಮಾ ಬಂದದ್ದು ನನಗೆ ನಿಜಕ್ಕೂ ತಿಳಿಯಲಿಲ್ಲ. ಹಾಡಹಗಲು ಎಲ್ಲರ ಕಣ್ಣಿಗೆ ಬೀಳುವಂತೆ ಕಟ್ಟೆಯ ಮೇಲೆ ಕೂಡಬಾರದೆಂದು ಆಕೆಗೆ ನೀನೇ ಹೇಳು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ನಾನು ನಿನ್ನವನೆಂದು ಈಗಲೇ ಊರಿಗೆಲ್ಲ ಗೊತ್ತಾದರೆ ನಾಳೆ ನನ್ನ ಸಾಕ್ಷಿಗೆ ಏನು ಕಿಮ್ಮತ್ತು? ವೇಳೆ ನೋಡಿ ಹೇಳುತ್ತೇನೆ.

ಇನ್ನು ಕೊನೆಯ ಹೆಜ್ಜೆ. ಈ ತಿಳಿ ನೀರಿನಿಂದ ಹರಳು ತೆಗೆಯುವುದು ಹೇಗೆ? ಸೊಲ್ಲಾಪುರದ ಸೋಡಾ-ಶರಬತ್ತಿನ ಕಾರ್ಖಾನೆಯವರು ಬೇಸಿಗೆಗೆ ಮೊದಲು ಎಷ್ಟಿದ್ದರೂ ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ. ಬೇಗ ಆಗುವ ದಾರಿ ಹೇಳು.

ನಿನ್ನ
ಬಸವಂತರಾಯ


ಜೇಲಿನಿಂದ
೨೨ ಮಾರ್ಚ್ ೧೯೫೦

ಬಸವಂತಾ,

ಈಗ ಅರ್ಥವಾಯಿತು. ನಾನು ದಡ್ಡನಲ್ಲ, ತಡವಾಗಿ ಅರ್ಥ ಮಾಡಿಕೊಳ್ಳುವವನು, ಅಷ್ಟೇ. ನಾನು ಒಂದೊಂದು ಹೆಜ್ಜೆ ಹೇಳಿದಂತೆ ನೀನು ಒಂದೊಂದು ತಾರೀಖು ನುಂಗುತ್ತಿದ್ದೀಯ. ಕೊನೆಯ ಹೆಜ್ಜೆಯೂ ನಿನ್ನ ಕೈಗೆ ಸಿಕ್ಕಮೇಲೆ ನಾನು ಹೊರಗಿದ್ದರೇನು, ಒಳಗಿದ್ದರೇನು? ಒಳಗಿದ್ದರೇ ಅನುಕೂಲ, ಪಾಲು ಕೇಳುವವನಿಲ್ಲ.

ಇದನ್ನು ಬರೆಯುವ ಮೊದಲು ಹೇಳಬಾರದೆಂದೇ ನಿಶ್ಚಯಿಸಿದ್ದೆ. ಸಾಕ್ಷಿ ಹೇಳು, ಆಮೇಲೆ ಹರಳು ಅನ್ನಬಹುದಿತ್ತು. ನನ್ನ ಕೋಣೆಯಲ್ಲಿರುವವರೆಲ್ಲ ಅದನ್ನೇ ಮಾಡು ಅಂದರು. ಆದರೆ ನನಗೆ ಅದು ಹೇಸಿಗೆ. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು, ನಡುವೆ ತಕ್ಕಡಿ ಇಡಲಾರೆ. ತಗೋ.

ತಿಳಿ ನೀರನ್ನು ಚೀನಿ ಭರಣಿಗಳಿಗೆ ಹಾಕು, ಬಾಯಿಗೆ ತೆಳು ಬಟ್ಟೆ ಕಟ್ಟು, ಬಿಸಿಲಿಗಿಡು. ಬಿಸಿಲು ತಾನೇ ಕುಡಿಯುತ್ತದೆ. ಹರಳು ತನ್ನ ಪಾಡಿಗೆ ತಾನು ಕಟ್ಟುತ್ತದೆ. ಬೆಂಕಿಗೆ ಇಡಬೇಡ, ಯಾವ ಲೋಹದ ಪಾತ್ರೆಗೂ ಹಾಕಬೇಡ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಣಸೆ ಹುಳಿ ಇಟ್ಟರೆ ಏನಾಗುತ್ತದೆಂದು ಅತ್ತಿಗೆಯನ್ನು ಕೇಳು. ಇದು ಅದರ ಹತ್ತು ಪಟ್ಟು ಹುಳಿ. ಸೀಸದ ತಗಡು ಹೊಡೆದ ತೊಟ್ಟಿ ಮಾಡಿಕೋ ಎಂದು ಸೊಲ್ಲಾಪುರದವರು ಹೇಳಿಯಾರು. ತೇಜಾಬು ಸೀಸವನ್ನು ತಿನ್ನುವುದಿಲ್ಲ, ನಿಜ. ಆದರೆ ಕಾಸಿದ ಹುಳಿ ತಿನ್ನುತ್ತದೆ. ಸೀಸವನ್ನು ಶೆಡ್ಡಿನ ಹೊಸ್ತಿಲು ದಾಟಿಸಬೇಡ.

ತಡವಾಗುತ್ತದೆ. ಆಗಲಿ. ನನಗೂ ತಡವಾಗುತ್ತಿದೆ.

ಪೇಶಿ ಏಪ್ರಿಲ್ ನಡುವೆ.

ಖಾಜಾ


ಯಾದಗಿರಿ
೨೦ ಏಪ್ರಿಲ್ ೧೯೫೦

ಖಾಜಾ,

ನಿನ್ನ ಪತ್ರ ಓದಿ ಬೇಜಾರಾಯಿತು. ಪಾಲು ಕೊಡಬೇಕಾದೀತೆಂದು ನಾನು ಸುಮ್ಮನಿದ್ದೇನೆ ಎಂದು ಬರೆದೆಯಲ್ಲ, ಆ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.

ಆದರೆ ನೀನು ಜಾಣ ಎಂದು ಮಾತ್ರ ಒಪ್ಪುತ್ತೇನೆ. ಭರಣಿಯಲ್ಲಿ ಹಾಕಿ ಬಿಸಿಲಿಗಿಡು, ಕಾಯುತ್ತ ಕೂಡು! ಬೇಸಿಗೆಯ ವ್ಯಾಪಾರ ಮುಗಿದು ಮಳೆ ಬರುವ ತನಕ ಕಾಯಲಿ, ನನ್ನ ಹಾಗೆ ಅವನೂ ಕೊಳೆಯಲಿ ಎಂದು ನಿನ್ನ ಲೆಕ್ಕ, ಹೌದಲ್ಲ? ನಾನು ತಾರೀಖು ದೂಡಿದ್ದಕ್ಕೆ ನೀನು ಹರಳು ದೂಡಿದೆ. ಸಿಟ್ಟಿಲ್ಲಪ್ಪ, ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಸೀಸದ ಹೆಸರು ನೀನೇ ಎತ್ತಿ, ಬೇಡ ಬೇಡ ಅಂದಾಗಲೇ ನನಗೆ ಹೊಳೆಯಿತು, ದಾರಿ ಅದೇ ಎಂದು.

ಸೊಲ್ಲಾಪುರದಿಂದ ಸೀಸದ ತಗಡು ತರಿಸಿ ದೊಡ್ಡ ತೊಟ್ಟಿ ಮಾಡಿಸಿದೆ. ಕೆಳಗೆ ಬೆಂಕಿ. ಸಂಜೆಗೆ ಹಾಕಿದ್ದು ಮರುದಿನ ಹರಳು! ನಮ್ಮ ಭರಣಿಯ ಹರಳಿಗಿಂತ ದೊಡ್ಡವು, ಬಿಳಿ. ರುಚಿಯಂತೂ ಕೇಳಬೇಡ. ನಿನ್ನದು ಬರೀ ಹುಳಿ ಇತ್ತು. ಇದರಲ್ಲಿ ಹುಳಿ ಇಳಿದ ಮೇಲೆ ನಾಲಿಗೆಯ ಬುಡದಲ್ಲಿ ಸಣ್ಣಗೆ ಸಿಹಿ ಉಳಿಯುತ್ತದೆ. ಕಾರ್ಖಾನೆಯವರು ಅದಕ್ಕೇ ಮರುಳಾದರು. ಅಂಬವ್ವ ದಿನಾ ಶಾಲೆಗೆ ಹೋಗುವಾಗ ಲಂಗದ ಉಡಿಯಲ್ಲಿ ಗಂಟು ಹಾಕಿಕೊಂಡು ಹೋಗುತ್ತಾಳೆ, ಗೆಳತಿಯರಿಗೂ ಕೊಡದೆ ತಾನೇ ಚೀಪುತ್ತಾಳಂತೆ. "ಖಾಜಾ ಕಾಕಾಂದಕಿಂತ ಇದಽ ಛಲೋ" ಅನ್ನುತ್ತಾಳೆ.

ಪೇಶಿಯ ದಿನ ಸರಕು ತುಂಬುವ ಗಡಿಬಿಡಿ. ಮುಂದಿನದಕ್ಕೆ ನೋಡೋಣ. ವೇಳೆ ನೋಡಿ ಹೇಳುತ್ತೇನೆ.

ಬಸವಂತರಾಯ


ಜೇಲಿನಿಂದ
೨೬ ಏಪ್ರಿಲ್ ೧೯೫೦

ಬಸವಂತಾ,

ಉಳಿದದ್ದೆಲ್ಲ ಬದಿಗಿರಲಿ. ಸಾಕ್ಷಿಯೂ ಇರಲಿ.

ಆ ಸಿಹಿ ಸೀಸದ್ದು. ಹುಳಿ ಸೀಸವನ್ನು ತಿಂದು ನೀರಿಗೆ ಎಳೆದುಕೊಂಡಿದೆ. ಅದು ವಿಷ. ಒಮ್ಮೆಗೇ ಕೊಲ್ಲುವುದಿಲ್ಲ, ಎಲುಬಿಗೆ ಇಳಿದು ಕೂತುಕೊಳ್ಳುತ್ತದೆ. ದೊಡ್ಡವರು ತಡೆದುಕೊಂಡಾರು, ಮಕ್ಕಳು ತಡೆಯುವುದಿಲ್ಲ. ಅಂಬವ್ವನ ಉಡಿಯಿಂದ ಈಗಲೇ ತೆಗೆ. ಇದ್ದ ಸರಕನ್ನೆಲ್ಲ ಆಳವಾಗಿ ಹೂಳು. ಸೋಡಾದವರಿಗೆ ಕೊಡಬೇಡ.

ನಿನ್ನ ಕಾಲಿಗೆ ಬೀಳುತ್ತೇನೆ, ಇದೊಂದು ಮಾತು ನಂಬು.

ಖಾಜಾ


ಯಾದಗಿರಿ
೧೧ ಮೇ ೧೯೫೦

ಶ್ರೀ ಖಾಜಾಹುಸೇನರಿಗೆ,

ತಮ್ಮ ಪತ್ರ ತಲುಪಿತು.

ಮೊದಲು ನಿಧಾನ ಮಾಡಿಸಿದಿರಿ, ಅದು ನಡೆಯಲಿಲ್ಲ. ಈಗ ಹೂಳಿಸಲು ಹೊರಟಿದ್ದೀರಿ. ಇಡೀ ಬೇಸಿಗೆಯ ದುಡಿಮೆಯನ್ನು ತಗ್ಗು ತೋಡಿ ಮುಚ್ಚಿ ತಲೆಯ ಮೇಲೆ ಕೈ ಹೊತ್ತು ಕೂಡಲಿ ಎಂದು ತಮ್ಮ ಆಸೆ. ಅದಕ್ಕೆ ನನ್ನ ಮಗಳ ಹೆಸರನ್ನು ಬಳಸಿದಿರಿ. ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ತಿರುಗಿದವರಿಗೆ ಇಂಥ ಮಾತು ಬರೆಯಲು ಕೈ ಹೇಗೆ ಬಂತು? ಅಂಬವ್ವ ಗುಂಡುಕಲ್ಲಿನ ಹಾಗೆ ಇದ್ದಾಳೆ. ನಾನೂ ದಿನಾ ರುಚಿ ನೋಡುತ್ತೇನೆ, ನನಗೇನಾಗಿದೆ?

ಮೂಟೆಗಳು ವ್ಯಾಗನ್ ಹತ್ತಿ ಹೋದವು. ಇನ್ನಷ್ಟು ಕೇಳಿದ್ದಾರೆ.

ಸಾಕ್ಷಿಯ ವಿಷಯದಲ್ಲಿ ಮನಸ್ಸು ತುಸು ಮೆತ್ತಗಿತ್ತು, ಸುಳ್ಳಲ್ಲ. ಈ ಪತ್ರ ಬಂದ ಮೇಲೆ ಅದೂ ಇಲ್ಲ. ಕೇಡು ಬಯಸುವವನ ಪರವಾಗಿ ಹಾಕಿಮರ ಮುಂದೆ ನಿಂತು ಏನೆಂದು ಹೇಳಲಿ?

ಇನ್ನು ಪತ್ರ ಬರೆಯುವ ತೊಂದರೆ ತೆಗೆದುಕೊಳ್ಳಬಾರದಾಗಿ ವಿನಂತಿ.

ಬಸವಂತರಾಯ


ಯಾದಗಿರಿ
೨ ಜುಲೈ ೧೯೫೦

ತಮ್ಮಾ ಖಾಜಾ,

ಹಿಂದಿನ ಪತ್ರ ಹರಿದು ಹಾಕು. ನಾನು ಬರೆದೇ ಇಲ್ಲ ಅಂದುಕೋ.

ಅಂಬವ್ವನಿಗೆ ಮೈಯಲ್ಲಿ ನೆಟ್ಟಗಿಲ್ಲ. ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಾಳೆ, ಬಹಿರ್ದೆಸೆ ಆಗುವುದಿಲ್ಲ. ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿದೆ. ಊರ ವೈದ್ಯ ಪಂಡಿತರು ಜಂತು ಅಂದರು, ನಮ್ಮತ್ತೆ ಬಂದು ದೃಷ್ಟಿಯಾಗಿದೆ ಅಂದು ಮೆಣಸಿನಕಾಯಿ ನಿವಾಳಿಸಿದರು. ಮೊನ್ನೆಯಿಂದ ಬಳಪ ಹಿಡಿಯಲು ಬರುತ್ತಿಲ್ಲ. ಕೈ ಮಣಿಕಟ್ಟಿನಲ್ಲಿ ಜೋತು ಬೀಳುತ್ತದೆ, ಬಳಪ ಜಾರುತ್ತದೆ, ಮತ್ತೆ ಹಿಡಿಯಲು ಹೋಗುತ್ತಾಳೆ. "ಅಪ್ಪಾ, ನನ್ನ ಕೈ ನನ್ನ ಮಾತು ಕೇಳವಲ್ದು" ಅಂದಳು. ವಸಡಿನ ಅಂಚಿಗೆ ಕಪ್ಪು ಗೆರೆ ಮೂಡಿದೆ.

ಹರಳು ಕೊಡುವುದನ್ನು ನಿಲ್ಲಿಸಿದ್ದೇನೆ. ಕದ್ದು ತಿನ್ನುತ್ತಿದ್ದಳು, ಹಾಸಿಗೆಯ ಕೆಳಗೆ ಸಿಕ್ಕವು.

ನಿನಗೆ ಗೊತ್ತಿದೆ. ನೀನು ಓದಿದವನು. ಔಷಧ ಏನು, ಬರೆ. ಏನು ಬೇಕಾದರೂ ಕೇಳು. ಸಾಕ್ಷಿ ಹೇಳುತ್ತೇನೆ, ಶೆಡ್ಡು ನಿನ್ನ ಹೆಸರಿಗೆ ಮಾಡುತ್ತೇನೆ. ಗುರುಲಿಂಗಮ್ಮ ನನ್ನ ಮುಖ ನೋಡುವುದಿಲ್ಲ. ಟಪಾಲಿನ ದಾರಿಯಲ್ಲಿ ಕಣ್ಣಿಟ್ಟು ಕೂತಿದ್ದೇನೆ.

ನಿನ್ನ
ಬಸವಂತ


ಜೇಲಿನಿಂದ
೬ ಜುಲೈ ೧೯೫೦

ಬಸವಂತಾ,

ಇದನ್ನು ಬೇಗ ಬಿಡಿ ಎಂದು ಗುಮಾಸ್ತರಿಗೆ ಕೈ ಮುಗಿದು ಕೊಟ್ಟಿದ್ದೇನೆ. ಅವರಿಗೂ ಮಕ್ಕಳಿದ್ದಾರೆ.

ಹಾಲು ಕುಡಿಸು, ಎಷ್ಟು ಕುಡಿದರೆ ಅಷ್ಟು. ಹಾಲಿನಲ್ಲಿ ತತ್ತಿಯ ಬಿಳಿ ಕದಡಿ ಕುಡಿಸು. ಲಿಂಗ ಕಟ್ಟಿದ ಮನೆಯಲ್ಲಿ ಹೇಗೆ ಅನ್ನಬೇಡ, ಮಗು ಉಳಿದ ಮೇಲೆ ಏನು ಪ್ರಾಯಶ್ಚಿತ್ತ ಬೇಕೋ ಮಾಡಿಕೋ. ಔಷಧದ ಅಂಗಡಿಯಲ್ಲಿ ಭೇದಿಯ ಉಪ್ಪು ಸಿಗುತ್ತದೆ, ಕೊಡು, ಹೊಟ್ಟೆಯಲ್ಲಿ ಉಳಿದ ಸೀಸವನ್ನು ಅದು ಹೊರಗೆ ಹಾಕುತ್ತದೆ.

ಇದಕ್ಕಿಂತ ಮುಖ್ಯವಾದದ್ದು. ಅಂದೇ ರೈಲು ಹತ್ತಿ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋಗು. ಹೋಗಿ ಡಾಕ್ಟರ ಮುಂದೆ ಮುಚ್ಚುಮರೆಯಿಲ್ಲದೆ ಹೇಳು, ಸೀಸದ ತೊಟ್ಟಿಯಲ್ಲಿ ಹುಳಿ ಕಾಸಿದೆ, ಮಗು ತಿಂದಿದೆ, ಇಷ್ಟು ತಿಂಗಳು ತಿಂದಿದೆ ಎಂದು. ನೀನು ಹೇಳದಿದ್ದರೆ ಅವರೂ ಜಂತು ಅನ್ನುತ್ತಾರೆ. ಸೀಸ ಎಂಬ ಒಂದು ಮಾತಿನಲ್ಲಿದೆ ಅವಳ ಜೀವ. ಸೋಡಾದವರಿಗೂ ಬರೆ.

ಇದಕ್ಕೆ ಬೆಲೆ ಇಲ್ಲ. ನೀನು ಸಾಕ್ಷಿಗೆ ಬಂದರೂ ಬಾರದಿದ್ದರೂ ಔಷಧ ಇದೇ. ನನ್ನಿಂದ ಅವಳಿಗೊಂದು ಮುತ್ತು ಕೊಡು.

ಖಾಜಾ


ಯಾದಗಿರಿ
೧೫ ಜುಲೈ ೧೯೫೦

ಖಾಜಾ,

ನಿನ್ನೆ ಕೋರ್ಟಿಗೆ ಹೋಗಿದ್ದೆ. ನಿನ್ನನ್ನು ಆ ಹೊತ್ತಿಗೆ ಕರೆತಂದಿರಲಿಲ್ಲ, ವಕೀಲರು ಹೇಳಿರಬಹುದು. ಎಲ್ಲ ಹೇಳಿದೆ. ಶೆಡ್ಡು, ಭರಣಿ, ಮೊದಲ ಹರಳು, ನದಿಯ ಮೇಲಿನ ಹೊಗೆ, ಒಂದನ್ನೂ ಬಿಡಲಿಲ್ಲ. ಅಂಬವ್ವ ಇನ್ನೊಂದು ಕೇಳಿದ್ದನ್ನೂ ಹೇಳಿದೆ. ಹಾಕಿಮರು ತಲೆ ಎತ್ತಿ, ಇಷ್ಟು ದಿನ ಎಲ್ಲಿದ್ದಿರಿ ಅಂತ ಕೇಳಿದರು. ನೀನು ಬಿಡುಗಡೆಯಾಗುತ್ತೀ, ವಕೀಲರು ಖಾತ್ರಿ ಅಂದರು.

ಈಗ ನನ್ನ ಕಡೆಯಿಂದ ಬಾಕಿ ಏನೂ ಉಳಿಯಲಿಲ್ಲ. ಈಗ ನಿಜವಾದ ಔಷಧ ಬರೆ.

ಸಿಟ್ಟಾಗಬೇಡ, ಖಾಜಾ. ನಾನು ಹುಟ್ಟಿದಾಗಿನಿಂದ ಅಂಗಡಿಯ ಗದ್ದಿಗೆಯ ಮೇಲೆ ಕೂತವನು, ಪುಕ್ಕಟೆ ಬಂದ ಸರಕನ್ನು ನಂಬಿದವನಲ್ಲ. ನಾನು ನಿನಗೆ ಮಾಡಿದ್ದು ನನಗೆ ಗೊತ್ತು. ಅಷ್ಟಾದ ಮೇಲೂ ನೀನು ಏನೂ ಕೇಳದೆ ಔಷಧ ಕೊಟ್ಟೆ ಎಂದರೆ ಹೇಗೆ ನಂಬಲಿ? ಮೊದಲು ಸಾಕ್ಷಿ ಅಂದಿದ್ದರೆ ಅಂದೇ ನಂಬುತ್ತಿದ್ದೆ. ನೀನು ಬರೆದದ್ದಾದರೂ ಏನು? ಮನೆಗೆ ತತ್ತಿ ತಾ, ದೊಡ್ಡ ಡಾಕ್ಟರ ಮುಂದೆ ನಿಂತು ನಾನೇ ವಿಷ ಮಾಡಿದೆ ಅಂತ ಹೇಳು. ಹೇಳಿದರೆ ಶೆಡ್ಡಿಗೆ ಸರಕಾರದ ಬೀಗ, ನನ್ನ ಕೈಗೆ ಬೇಡಿ. ನಿನ್ನ ಪಕ್ಕದ ಕೋಣೆಗೇ ನನ್ನನ್ನು ಕರೆಸಿಕೊಳ್ಳುವ ಉಪಾಯ ಎಂದು ಅನ್ನಿಸಿತು. ಅನ್ನಿಸದೆ ಏನು?

ಅದಕ್ಕೇ ಮೊದಲು ತೀರಿಸಿದೆ. ಈಗ ಬರೆ. ಅಂಬವ್ವನಿಗೆ ಮೊನ್ನೆ ಸೆಳವು ಬಂದು ಮೈಯೆಲ್ಲ ಸೆಟೆದಿತ್ತು.

ಬಸವಂತ


ಯಾದಗಿರಿ
೧೨ ಸೆಪ್ಟೆಂಬರ್ ೧೯೫೦

ಖಾಜಾ,

ನೀನು ಸುರಪುರಕ್ಕೆ ಬಂದೆಯೆಂದು ಕೇಳಿದೆ. ಜುಲೈಯಲ್ಲಿ ಬರೆದ ಪತ್ರ ಜೇಲಿಗೆ ಹೋಗಿ, ನೀನು ಆಗಲೇ ಬಿಡುಗಡೆಯಾಗಿದ್ದರಿಂದ ಹಾಗೇ ಮರಳಿ ಬಂತು. ಅದು ಮರಳಿ ಬಂದ ದಿನವೇ ಅಂಬವ್ವ ಹೋದಳು. ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಆ ಪತ್ರವನ್ನೂ ಇದರ ಜೊತೆ ಕಳಿಸಿದ್ದೇನೆ, ಓದು.

ಹಾಲು ಮಾತ್ರ ಕೊಟ್ಟೆ. ಅದನ್ನು ನೀನು ಹೇಳದಿದ್ದರೂ ಕೊಡುತ್ತಿದ್ದೆವು. ತತ್ತಿ ತರಲಿಲ್ಲ. ಭೇದಿಯ ಉಪ್ಪು ತಂದವನು ಪೊಟ್ಟಣ ಬಿಚ್ಚಲಿಲ್ಲ. ರೈಲು ಮನೆಯ ಹಿಂದೆಯೇ ಹೋಗುತ್ತಿತ್ತು, ದಿನಾ ಸಿಳ್ಳೆ ಕೇಳುತ್ತಿತ್ತು. ಕಡೆಗೆ ಡಾಕ್ಟರನ್ನು ಮನೆಗೇ ಕರೆಸಿದೆ. ಏನು ತಿಂದಿದೆ ಮಗು ಅಂತ ಕೇಳಿದರು. ಎಲ್ಲ ಮಕ್ಕಳು ತಿನ್ನುವುದೇ ಅಂದೆ.

ಸೋಡಾದವರಿಗೆ ಬರೆದೆ, ಸರಕು ಕೆಟ್ಟಿದೆ, ಮರಳಿ ಕಳಿಸಿ ಎಂದು. ಅವರು ನಕ್ಕರು. ಬೆಲೆ ಏರಿದೆ, ಅದಕ್ಕೇ ಮರಳಿ ಕೇಳುತ್ತಾನೆ ಅಂದರಂತೆ. ಇನ್ನೂ ಇದ್ದರೆ ಕಳಿಸು ಎಂದಿದ್ದಾರೆ.

ನಜೀಮಾ ಬಂದಿದ್ದಳು. ಗುರುಲಿಂಗಮ್ಮ ಆಕೆಯ ಕುತ್ತಿಗೆಗೆ ಬಿದ್ದು ಅತ್ತಳು, ಈ ಸಲ ಒಳಗೆ ಕರೆದುಕೊಂಡು ಹೋದಳು. ನಜೀಮಾ ಹೋದ ಮೇಲೆ ಗುರುಲಿಂಗಮ್ಮ ನನ್ನನ್ನು ಕೇಳಿದಳು, "ಖಾಜಾ ಔಷಧ ಬರದಿದ್ನಲ್ಲ, ನೀವು ಕೊಟ್ರಿಲ್ಲೋ?" ಕೊಟ್ಟೆ ಅಂದೆ. ಆಕೆ ನಿನ್ನನ್ನು ಕೇಳಿಯಾಳು.

ನಿನ್ನಿಂದ ನನಗೆ ಒಂದೇ ಒಂದು ಮಾತು ಬೇಕು. ನೀನು ಬರೆದ ಔಷಧ ನಿಜವಾಗಿತ್ತೆ? ಅದನ್ನು ಕೊಟ್ಟಿದ್ದರೆ, ಆಸ್ಪತ್ರೆಗೆ ಒಯ್ದಿದ್ದರೆ ಉಳಿಯುತ್ತಿದ್ದಳೆ? ಸುಳ್ಳು ಅಂದರೆ ನಿನ್ನನ್ನು ದ್ವೇಷಿಸಿಕೊಂಡು ಬದುಕುತ್ತೇನೆ. ನಿಜ ಅಂದರೆ ನಾನು ಏನು ಮಾಡಬೇಕೆಂದು ನನಗೆ ಗೊತ್ತಿದೆ. ಎರಡೂ ಅಲ್ಲದೆ ಹೀಗೆ ನಡುವೆ ಇರಲಾರೆ. ಹೌದೋ ಅಲ್ಲವೋ, ಒಂದು ಮಾತು ಬರೆ.

ಬಸವಂತ


ಸುರಪುರ
೨೪ ಸೆಪ್ಟೆಂಬರ್ ೧೯೫೦

ಬಸವಂತಾ,

ನಿನ್ನ ಎರಡೂ ಪತ್ರ ಮುಟ್ಟಿದವು.

ನಜೀಮಾಳಿಗೆ ಓದಿ ಹೇಳಿದೆ. ಆಕೆ ಒಲೆಯ ಮುಂದೆ ಕೂತು ಅಂಬವ್ವನಿಗಾಗಿ ಬಹಳ ಹೊತ್ತು ಅತ್ತಳು. ಅಂದು ಕಟ್ಟೆಯ ಮೇಲೆ ನೀರು ತಂದುಕೊಟ್ಟ ಮಗು ಅದೊಂದೇ. ಆಮೇಲೆ ಕಾಗದ, ದೌತಿ ತಂದು ನನ್ನ ಮುಂದಿಟ್ಟು, ಆ ಮನುಷ್ಯ ಕೇಳಿದ ಮಾತನ್ನು ಬರೆದುಬಿಡಿ ಎಂದು ಕೈ ಜೋಡಿಸಿದಳು. ಬರೆಯುತ್ತೇನೆ ಎಂದು ಆಕೆಗೆ ಹೇಳಿ ಕೂತಿದ್ದೇನೆ.

ಅತ್ತಿಗೆ ಕೇಳಿದರೆ ನೀನು ಔಷಧ ಕೊಟ್ಟೆ ಎಂದೇ ಹೇಳುತ್ತೇನೆ. ಅದು ಅವರಿಗಾಗಿ.

ನೀನು ಕೇಳಿದ್ದು ಒಂದು ಮಾತು. ನಾನೂ ನಿನ್ನನ್ನು ಕೇಳಿದ್ದು ಒಂದೇ ಮಾತು.

ಅವಸರ ಮಾಡಬೇಡ. ವೇಳೆ ನೋಡಿ ಹೇಳುತ್ತೇನೆ.

ನಿನ್ನ
ಖಾಜಾಹುಸೇನ